ರೈಲುಮಾರ್ಗ ಮತ್ತು ನಮ್ಮ ಊರುಗಳು: ಕಲಬುರಗಿ ಭಾಗದ ಮಕ್ಕಳಿಗೆ ಸ್ಥಳೀಯ ಇತಿಹಾಸವನ್ನು ಬೋಧಿಸುವ ಕುರಿತು ಪಾಲಕರಿಗೆ ಹಾಗೂ ಶಿಕ್ಷಕರಿಗೆ ಮಾಹಿತಿ

1. ಪೀಠಿಕೆ

ಕಲಬುರಗಿ ನಗರದ ಗಾಜಿಪುರ, ಸ್ಟೇಷನ್ ಬಜಾರ್, ಎಂ.ಎಸ್.ಕೆ. ಮಿಲ್ ಮೊದಲಾದ ಬಡಾವಣೆಗಳಲ್ಲಿಯೂ ಕಮಲಾಪುರ ತಾಲ್ಲೂಕಿನ ಗ್ರಾಮಗಳಲ್ಲಿಯೂ ವಾಸಿಸುವ ಮಕ್ಕಳು ದಿನನಿತ್ಯ ರೈಲನ್ನು ನೋಡುತ್ತಾರೆ ಅಥವಾ ಅದರ ಸದ್ದನ್ನು ಕೇಳುತ್ತಾರೆ. ಆದರೆ ತಮ್ಮ ಊರು ಇಂದು ಇರುವ ರೂಪಕ್ಕೂ ಆ ರೈಲುಮಾರ್ಗಕ್ಕೂ ಇರುವ ಸಂಬಂಧವು ಬಹುತೇಕ ಮಕ್ಕಳಿಗೆ ತಿಳಿದಿರುವುದಿಲ್ಲ. ಪಠ್ಯಪುಸ್ತಕದಲ್ಲಿ ‘1853ರಲ್ಲಿ ಭಾರತದ ಮೊದಲ ಪ್ರಯಾಣಿಕರ ರೈಲು ಮುಂಬಯಿ–ಠಾಣೆ ನಡುವೆ ಸಂಚರಿಸಿತು’ ಎಂಬ ವಾಕ್ಯವನ್ನು ಕಂಠಪಾಠ ಮಾಡುವ ವಿದ್ಯಾರ್ಥಿಗೆ ಅದೇ ಮಾರ್ಗವು 18 ವರ್ಷಗಳಲ್ಲಿ ತನ್ನ ಊರನ್ನು ದಾಟಿ ರಾಯಚೂರಿನವರೆಗೆ ಸಾಗಿತೆಂಬುದು ಹೊಸ ವಿಷಯವಾಗಿ ಕಾಣುತ್ತದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸುವುದನ್ನು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಒಂದನ್ನಾಗಿ ಹೇಳಿದೆ. ಈ ತತ್ತ್ವವನ್ನು ಅನುಸರಿಸಲು ಕಲಬುರಗಿ ಭಾಗದಲ್ಲಿ ರೈಲುಮಾರ್ಗಕ್ಕಿಂತ ಸುಲಭವಾಗಿ ದೊರೆಯುವ ಪಾಠವಸ್ತು ವಿರಳ. ಸ್ಥಳೀಯ ಅಧ್ಯಯನ, ಶೈಕ್ಷಣಿಕ ಭೇಟಿ ಹಾಗೂ ಹಳೆಯ ದಾಖಲೆಗಳ ಪ್ರತಿಗಾಗಿ ಅರ್ಜಿ ಸಲ್ಲಿಸುವ ಪಾಲಕರ, ಶಿಕ್ಷಕರ ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರ ಉಪಯೋಗಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

2. ರೈಲು ಬರುವ ಮೊದಲು

ಊರನ್ನು ರೈಲೇ ಸೃಷ್ಟಿಸಿತು ಎಂಬ ಭಾವನೆ ಮಕ್ಕಳಲ್ಲಿ ಮೂಡಬಾರದು. ಕಲಬುರಗಿಯು 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾಯಿತು. 15ನೇ ಶತಮಾನದಲ್ಲಿ ರಾಜಧಾನಿಯು ಬೀದರಿಗೆ ಸ್ಥಳಾಂತರಗೊಂಡಿತು. ಕೋಟೆ, ಜಾಮಾ ಮಸೀದಿ ಮತ್ತು 1422ರಲ್ಲಿ ನಿಧನರಾದ ಖ್ವಾಜಾ ಬಂದೇನವಾಜರ ದರ್ಗಾ ಇವು ರೈಲಿಗಿಂತ ನಾಲ್ಕು ಶತಮಾನಕ್ಕೂ ಹಿಂದಿನವು. ಶ್ರೀ ಶರಣಬಸವೇಶ್ವರರ ದೇವಸ್ಥಾನದ ಸುತ್ತಲಿನ ವಸತಿಯೂ ರೈಲಿಗಿಂತ ಹಳೆಯದು. ಇನ್ನೂ ಹಿಂದಕ್ಕೆ ಹೋದರೆ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ.

ಆ ಕಾಲದಲ್ಲಿ ಊರು ಬೆಳೆಯಲು ಮುಖ್ಯವಾಗಿ ಮೂರು ಕಾರಣಗಳಿದ್ದವು: ಅರಸರ ಆಡಳಿತ, ಯಾತ್ರಾಸ್ಥಳ ಹಾಗೂ ಸಂತೆ. ಸರಕು ಸಾಗಣೆಯು ಎತ್ತಿನ ಬಂಡಿಗಳ ಮೂಲಕವೂ ಹೇರೆತ್ತುಗಳ ಮೂಲಕವೂ ನಡೆಯುತ್ತಿತ್ತು. ಮಳೆಗಾಲದಲ್ಲಿ ಈ ಭಾಗದ ಎರೆಭೂಮಿಯ ದಾರಿಗಳಲ್ಲಿ ಬಂಡಿ ಸಾಗುವುದು ದುಸ್ತರವಾಗಿತ್ತು. ಆದ್ದರಿಂದ ಬೆಳೆದ ಜೋಳ, ತೊಗರಿ ಹಾಗೂ ಹತ್ತಿಯ ಬಹುಭಾಗವು ಸುತ್ತಲಿನ ಕೆಲವು ಹರದಾರಿಗಳ ಒಳಗೇ ಮಾರಾಟವಾಗುತ್ತಿತ್ತು.

3. ರೈಲುಮಾರ್ಗದ ಆಗಮನ: ಕಾಲಾನುಕ್ರಮ

ಮಕ್ಕಳಿಗೆ ಕಾಲರೇಖೆಯನ್ನು ಬರೆಯಿಸಲು ಈ ಕೆಳಗಿನ ಘಟನೆಗಳು ಉಪಯುಕ್ತವಾಗಿವೆ.

1853: ಏಪ್ರಿಲ್ 16ರಂದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ (ಮುಂದೆ ‘ಜಿ.ಐ.ಪಿ. ರೈಲ್ವೆ’ ಎಂದು ಕರೆಯಲಾಗಿದೆ) ಕಂಪನಿಯ ಮೊದಲ ರೈಲು ಮುಂಬಯಿ–ಠಾಣೆ ನಡುವೆ ಸಂಚರಿಸಿತು.

1860: ಮಾರ್ಗವು ಸೊಲ್ಲಾಪುರವನ್ನು ತಲುಪಿತು.

1863: ಮುಂಬಯಿ ಮತ್ತು ಪುಣೆಗಳ ನಡುವಿನ ಭೋರ್ ಘಾಟಿನ ಕಾಮಗಾರಿ ಪೂರ್ಣಗೊಂಡಿತು. ಇದರಿಂದ ದಖ್ಖನ್ ಪ್ರಸ್ಥಭೂಮಿಯು ಮುಂಬಯಿ ಬಂದರಿನೊಂದಿಗೆ ನೇರವಾಗಿ ಜೋಡಣೆಯಾಯಿತು.

1871: ಸೊಲ್ಲಾಪುರದಿಂದ ಕಲಬುರಗಿ, ಶಹಾಬಾದ್, ವಾಡಿ, ಯಾದಗಿರಿಗಳ ಮೂಲಕ ಬಂದ ಜಿ.ಐ.ಪಿ. ರೈಲ್ವೆಯು ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿತು. ಮುಂಬಯಿ ಮತ್ತು ಮದ್ರಾಸ್ ನಗರಗಳು ಈ ಮೂಲಕ ಜೋಡಣೆಗೊಂಡವು.

1874: ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ್ ಸಂಸ್ಥಾನದ ಮಾರ್ಗವು ಆರಂಭವಾಯಿತು. ಆಗ ನಿಜಾಮರಾಗಿದ್ದ ಮೀರ್ ಮಹಬೂಬ್ ಅಲಿ ಖಾನರ ವಯಸ್ಸು ಕೇವಲ 8 ವರ್ಷ. ಆಡಳಿತವನ್ನು ದಿವಾನ ಒಂದನೇ ಸಾಲಾರ್ ಜಂಗ್ ನೋಡಿಕೊಳ್ಳುತ್ತಿದ್ದರು.

1951: ಜಿ.ಐ.ಪಿ. ರೈಲ್ವೆ ಹಾಗೂ ನಿಜಾಮ್ ಸ್ಟೇಟ್ ರೈಲ್ವೆಗಳನ್ನು ಸೇರಿಸಿ ಮಧ್ಯ ರೈಲ್ವೆಯನ್ನು ರಚಿಸಲಾಯಿತು. ದಕ್ಷಿಣ ಮಧ್ಯ ರೈಲ್ವೆಯು 1966ರಲ್ಲಿ ಅಸ್ತಿತ್ವಕ್ಕೆ ಬಂದಿತು.

2017: ಅಕ್ಟೋಬರ್ 29ರಂದು ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಸಾಗುವ ಸುಮಾರು 110 ಕಿ.ಮೀ. ಉದ್ದದ ಬೀದರ್–ಕಲಬುರಗಿ ಮಾರ್ಗವು ಉದ್ಘಾಟನೆಗೊಂಡಿತು.

2024: ಕಲಬುರಗಿ–ಬೆಂಗಳೂರು ನಡುವೆ ವಂದೇ ಭಾರತ್ ರೈಲು ಸಂಚಾರ ಆರಂಭಿಸಿತು.

ಈ ಪಟ್ಟಿಯಲ್ಲಿ ಮಕ್ಕಳ ಗಮನವನ್ನು ಒಂದು ಅಂತರದತ್ತ ಸೆಳೆಯುವುದು ಅವಶ್ಯಕ. ಕಲಬುರಗಿಯ ಮೂಲಕ ಮುಖ್ಯಮಾರ್ಗವು ಪೂರ್ಣಗೊಂಡ 1871ಕ್ಕೂ ಕಮಲಾಪುರಕ್ಕೆ ರೈಲು ಬಂದ 2017ಕ್ಕೂ ನಡುವೆ 146 ವರ್ಷಗಳಿವೆ. ಎರಡೂ ಊರುಗಳ ನಡುವಿನ ದೂರವಾದರೋ ಬಸ್ಸಿನಲ್ಲಿ ಒಂದು ತಾಸಿನ ಆಸುಪಾಸಿನದು. ಈ ಅಂತರಕ್ಕೆ ಕಾರಣವೇನೆಂಬ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸಬಹುದು.

4. ಮಾರ್ಗವನ್ನು ನಿರ್ಧರಿಸಿದವರು ಯಾರು?

ಕಂಪನಿಯ ಎಂಜಿನಿಯರರ ಗುರಿ ಕಲಬುರಗಿಯಾಗಿರಲಿಲ್ಲ. ಮುಂಬಯಿಯನ್ನು ಮದ್ರಾಸಿನೊಂದಿಗೆ ಜೋಡಿಸುವುದು, ಒಳನಾಡಿನ ಹತ್ತಿಯನ್ನು ಬಂದರಿಗೆ ಸಾಗಿಸುವುದು ಹಾಗೂ ಸೇನೆಯನ್ನು ಶೀಘ್ರವಾಗಿ ಕಳುಹಿಸುವುದು ಅಂದಿನ ಮುಖ್ಯ ಉದ್ದೇಶಗಳಾಗಿದ್ದವು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ದೊರೆಯದಾದಾಗ ದಖ್ಖನ್ನಿನ ಹತ್ತಿಗೆ ಬೇಡಿಕೆ ಏರಿತು. ಇಳಿಜಾರು ಕಡಿಮೆ ಇರುವ ಭೂಮಿ, ಭೀಮಾ ಮತ್ತು ಕೃಷ್ಣಾ ನದಿಗಳಿಗೆ ಸೇತುವೆ ಕಟ್ಟಲು ತಕ್ಕ ಸ್ಥಳ, ಉಗಿ ಎಂಜಿನ್ನಿಗೆ ಬೇಕಾದ ನೀರು ಇವುಗಳನ್ನು ನೋಡಿಕೊಂಡು ಮಾರ್ಗವನ್ನು ಗುರುತಿಸುವುದು ಅಂದಿನ ಪದ್ಧತಿಯಾಗಿತ್ತು.

ಕಲಬುರಗಿ ನಗರವು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ್ ಸುಮಾರು 700 ಮೀಟರ್ ಎತ್ತರದಲ್ಲಿದೆ. ಕಮಲಾಪುರದಿಂದ ಮುಂದಕ್ಕೆ ಮರಗುತ್ತಿ ಭಾಗದಲ್ಲಿ ಗುಡ್ಡವನ್ನು ಏರಬೇಕಾಗುತ್ತದೆ. ಇಂದಿನ ಮಾರ್ಗವು ಅಲ್ಲಿ ಸುರಂಗದ ಮೂಲಕ ಸಾಗುತ್ತದೆ. ಎರಡು ಬಂದರುಗಳನ್ನು ಜೋಡಿಸಲು ಹೊರಟವರಿಗೆ ಈ ಗುಡ್ಡವನ್ನು ಹತ್ತುವ ಅವಶ್ಯಕತೆ ಇರಲಿಲ್ಲ. ಭೂರಚನೆ ಮತ್ತು ಆಡಳಿತದ ಉದ್ದೇಶ ಇವೆರಡೂ ಸೇರಿ ಒಂದು ಊರಿನ ಪಾಲಿಗೆ ಏನನ್ನು ನಿರ್ಧರಿಸುತ್ತವೆ ಎಂಬುದಕ್ಕೆ ಇದು ಉತ್ತಮ ಉದಾಹರಣೆಯಾಗಿದೆ.

5. ರೈಲಿನಿಂದ ಊರುಗಳ ಮೇಲಾದ ಪರಿಣಾಮ

(ಅ) ಕಲಬುರಗಿ ನಗರ: ರೈಲು ಬಂದ ನಂತರ ಹಳೆಯ ಕೋಟೆ–ದರ್ಗಾ ಭಾಗದಿಂದ ನಿಲ್ದಾಣದ ಕಡೆಗೆ ನಗರವು ಬೆಳೆಯಿತು. ನಿಲ್ದಾಣದ ಮುಂದೆ ‘ಸ್ಟೇಷನ್ ಬಜಾರ್’ ರೂಪುಗೊಂಡಿತು. ಕಾಳಿನ ವ್ಯಾಪಾರಕ್ಕೆ ‘ಮಹಬೂಬ್ ಗಂಜ್’, ನೂಲು ಮತ್ತು ಬಟ್ಟೆಗೆ ‘ಮಹಬೂಬ್ ಶಾಹಿ ಮಿಲ್’, ಜನರ ವಿಹಾರಕ್ಕೆ ‘ಮಹಬೂಬ್ ಗುಲ್ಶನ್’ ಉದ್ಯಾನ ಇವೆಲ್ಲವೂ ಮೇಲೆ ಹೇಳಿದ ಆರನೆಯ ನಿಜಾಮರ ಹೆಸರನ್ನು ಹೊತ್ತಿವೆ. ಮಿಲ್ಲು ಈಗ ಮುಚ್ಚಿದ್ದು, ‘ಎಂ.ಎಸ್.ಕೆ. ಮಿಲ್’ ಎಂಬ ಬಡಾವಣೆಯ ಹೆಸರು ಮಾತ್ರ ಉಳಿದಿದೆ. ತೊಗರಿಯನ್ನು ಒಡೆದು ಬೇಳೆ ಮಾಡುವ ದಾಲ್ ಮಿಲ್ಲುಗಳು ಇಂದಿಗೂ ನಗರದ ಮುಖ್ಯ ಉದ್ಯಮವಾಗಿವೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ.

(ಆ) ಶಹಾಬಾದ್: ಇಲ್ಲಿ ಸುಣ್ಣಕಲ್ಲಿನ ಪದರಗಳು ಹಾಸಿನ ರೂಪದಲ್ಲಿಯೇ ನೆಲದಲ್ಲಿವೆ. ಸ್ಥಳೀಯವಾಗಿ ‘ಪರಸಿ’ ಎಂದು ಕರೆಯುವ ಈ ಹಾಸುಗಲ್ಲನ್ನು ಬಂಡಿಯಲ್ಲಿ ದೂರಕ್ಕೆ ಸಾಗಿಸುವುದು ಲಾಭದಾಯಕವಾಗಿರಲಿಲ್ಲ. ರೈಲು ಬಂದ ಮೇಲೆ ‘ಶಹಾಬಾದ್ ಕಲ್ಲು’ ದೂರದ ನಗರಗಳ ಮನೆ, ಶಾಲೆ ಮತ್ತು ಕಚೇರಿಗಳ ನೆಲಹಾಸಾಯಿತು. ಸ್ವಾತಂತ್ರ್ಯಪೂರ್ವದಲ್ಲಿಯೇ ಇಲ್ಲಿ ಸಿಮೆಂಟ್ ಕಾರ್ಖಾನೆಯೂ ಆರಂಭವಾಗಿತ್ತು. ಕಲ್ಲು ಮೊದಲಿನಿಂದಲೂ ಇತ್ತು. ಅದನ್ನು ಮಾರುಕಟ್ಟೆಯ ಸರಕನ್ನಾಗಿ ಮಾಡಿದ್ದು ಸಾಗಣೆ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು.

(ಇ) ವಾಡಿ: ‘ವಾಡಿ’ ಎಂಬ ಶಬ್ದಕ್ಕೆ ಸಣ್ಣ ಜನವಸತಿ ಎಂಬ ಅರ್ಥವಿದೆ. 1874ರಲ್ಲಿ ಹೈದರಾಬಾದಿನ ಕಡೆಯ ಮಾರ್ಗವು ಇಲ್ಲಿಂದ ಕವಲೊಡೆದ ಕಾರಣ ಇದು ಜಂಕ್ಷನ್ ಆಯಿತು. ಮುಂದೆ ಸಿಮೆಂಟ್ ಉದ್ಯಮವೂ ಇಲ್ಲಿ ನೆಲೆಯೂರಿತು. ಅರಸರಾಗಲಿ, ಜಾತ್ರೆಯಾಗಲಿ, ದೊಡ್ಡ ಸಂತೆಯಾಗಲಿ ಕಾರಣವಾಗದೆ ಹಳಿಗಳ ಕೂಡುವಿಕೆಯಿಂದಲೇ ಪಟ್ಟಣವೊಂದು ಬೆಳೆದದ್ದಕ್ಕೆ ವಾಡಿ ನಿದರ್ಶನವಾಗಿದೆ.

(ಈ) ‘ರೋಡ್’ ಎಂಬ ಹೆಸರಿನ ನಿಲ್ದಾಣಗಳು: ಅಕ್ಕಲಕೋಟ ರೋಡ್, ಗಾಣಗಾಪುರ ರೋಡ್, ಮಳಖೇಡ ರೋಡ್ ಈ ಮೂರೂ ನಿಲ್ದಾಣಗಳ ಹೆಸರಿನ ಕೊನೆಯಲ್ಲಿ ‘ರೋಡ್’ ಎಂಬ ಶಬ್ದವಿದೆ. ಊರು ನಿಲ್ದಾಣದಿಂದ ದೂರದಲ್ಲಿದ್ದು, ಇಲ್ಲಿ ಇಳಿದು ರಸ್ತೆಯ ಮೂಲಕ ಹೋಗಬೇಕೆಂಬುದು ಇದರ ಅರ್ಥ. ಗಾಣಗಾಪುರದ ಶ್ರೀ ದತ್ತಾತ್ರೇಯ ಕ್ಷೇತ್ರಕ್ಕೆ ಹೋಗುವ ಭಕ್ತರು ಇಂದಿಗೂ ಹಾಗೆಯೇ ಹೋಗುತ್ತಾರೆ. ರಾಷ್ಟ್ರಕೂಟರ ರಾಜಧಾನಿಯೇ ಆಗಿದ್ದ ಊರು ರೈಲ್ವೆಯ ಪಟ್ಟಿಯಲ್ಲಿ ಒಂದು ‘ರೋಡ್’ ಆಗಿ ಉಳಿದದ್ದನ್ನು ಗಮನಿಸಿದರೆ, ರೈಲುಮಾರ್ಗವು ಊರುಗಳ ಹಳೆಯ ಶ್ರೇಣಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

(ಉ) ರೈಲು ತಲುಪದ ಊರುಗಳು: ಬೀದರಿಗೆ ವಿಕಾರಾಬಾದ್ ಕಡೆಯಿಂದ ರೈಲು ಬಂದದ್ದು 1930ರ ಸುಮಾರಿಗೆ. ಆ ನಂತರವೂ 2017ರವರೆಗೆ ಬೀದರಿನಿಂದ ಕಲಬುರಗಿಗೆ ರೈಲಿನಲ್ಲಿ ಬರಬೇಕಾದವರು ವಿಕಾರಾಬಾದ್ ಮತ್ತು ವಾಡಿಯನ್ನು ಸುತ್ತಿಕೊಂಡು ಬರಬೇಕಾಗಿತ್ತು. ಜಿಲ್ಲೆಯ ಆಳಂದ ಮತ್ತು ಚಿಂಚೋಳಿ ಪಟ್ಟಣಗಳಿಗೆ ರೈಲು ನಿಲ್ದಾಣವಿಲ್ಲ. ಈ ಊರುಗಳ ಮಕ್ಕಳಿಗೆ ಪಾಠ ಹೇಳುವಾಗ ‘ರೈಲು ಇಲ್ಲದ ಊರಿನಲ್ಲಿ ವ್ಯಾಪಾರ ಹೇಗೆ ನಡೆಯಿತು?’ ಎಂಬ ಪ್ರಶ್ನೆಯನ್ನು ಕೇಳಬೇಕು. ಲಾರಿ ಮತ್ತು ಬಸ್ಸು ಬಂದ ನಂತರದ ಇತಿಹಾಸವು ಅಲ್ಲಿಂದ ತೆರೆದುಕೊಳ್ಳುತ್ತದೆ.

6. ಲಾಭ ಮತ್ತು ನಷ್ಟ: ಎರಡನ್ನೂ ಬೋಧಿಸುವುದು

ರೈಲು ಪ್ರಗತಿಯನ್ನು ಮಾತ್ರ ತಂದಿತೆಂದು ಹೇಳುವುದು ಅಪೂರ್ಣವಾದ ಪಾಠವಾಗುತ್ತದೆ. ಈ ಕೆಳಗಿನ ಮೂರು ವಿಷಯಗಳನ್ನು 8ನೇ ತರಗತಿ ಮತ್ತು ಅದಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳೊಂದಿಗೆ ಚರ್ಚಿಸಬಹುದಾಗಿದೆ.

ಮೊದಲನೆಯದು, 1876–78ರ ಬರಗಾಲ. ಮದ್ರಾಸ್, ಮುಂಬಯಿ ಪ್ರಾಂತ್ಯಗಳ ಜೊತೆಗೆ ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳೂ ಇದಕ್ಕೆ ತುತ್ತಾದವು. ಹಳಿಗಳು ಹಾಕಲ್ಪಟ್ಟು ಐದಾರು ವರ್ಷಗಳಷ್ಟೇ ಆಗಿದ್ದವು. ಬರದ ಊರಿಗೆ ಕಾಳನ್ನು ತರಲು ರೈಲು ನೆರವಾಯಿತು. ಅದೇ ವೇಳೆಗೆ, ಬೆಲೆ ಹೆಚ್ಚು ದೊರೆಯುವ ಕಡೆಗೆ ಕಾಳು ಹರಿದುಹೋಗಲು ಸಹ ಅದೇ ಹಳಿ ದಾರಿಯಾಯಿತು. ಕೊಳ್ಳಲು ಕೈಯಲ್ಲಿ ಹಣವಿಲ್ಲದವನಿಗೆ ನಿಲ್ದಾಣದಲ್ಲಿ ಕಾಳಿನ ಚೀಲಗಳಿದ್ದರೂ ಪ್ರಯೋಜನವಿರಲಿಲ್ಲ. ಈ ಬರದ ನಂತರ ನೇಮಕಗೊಂಡ ಆಯೋಗವು 1880ರಲ್ಲಿ ರೈಲುಮಾರ್ಗಗಳ ವಿಸ್ತರಣೆಯನ್ನು ಶಿಫಾರಸು ಮಾಡಿತು. ಸಾಗಣೆ ಬೇರೆ, ಹಂಚಿಕೆ ಬೇರೆ ಎಂಬ ತಿಳಿವಳಿಕೆಯನ್ನು ಮಕ್ಕಳು ಇದರಿಂದ ಪಡೆಯುತ್ತಾರೆ.

ಎರಡನೆಯದು, ಕೈಕಸುಬಿನವರ ಸ್ಥಿತಿ. ಹತ್ತಿಯನ್ನು ಬಂದರಿಗೆ ಒಯ್ದ ರೈಲು ಮರಳಿ ಬರುವಾಗ ಗಿರಣಿಯ ಅಗ್ಗದ ಬಟ್ಟೆಯನ್ನು ತಂದಿತು. ನೂಲುವವರಿಗೆ ಮತ್ತು ನೇಯುವವರಿಗೆ ಪೈಪೋಟಿ ಎದುರಾಯಿತು. ಇತ್ತ ಮಿಲ್ಲು, ಗಂಜ್, ಕಲ್ಲುಗಣಿ ಹಾಗೂ ಹಮಾಲಿಯ ರೂಪದಲ್ಲಿ ಹೊಸ ಕೂಲಿ ಕೆಲಸಗಳೂ ಹುಟ್ಟಿದವು. ಒಬ್ಬರ ಕಸುಬು ಹೋಗಿ ಮತ್ತೊಬ್ಬರಿಗೆ ಕೆಲಸ ದೊರೆತಾಗ ಊರು ‘ಬೆಳೆಯಿತು’ ಎನ್ನಬೇಕೇ ಎಂಬುದನ್ನು ಮಕ್ಕಳೇ ವಾದಿಸಲಿ.

ಮೂರನೆಯದು, ಹಣದ ಹೊಣೆ. ಜಿ.ಐ.ಪಿ. ಕಂಪನಿಯ ಬಂಡವಾಳಗಾರರಿಗೆ ಶೇಕಡ 5ರ ಬಡ್ಡಿಯ ಖಾತರಿಯನ್ನು ನೀಡಲಾಗಿತ್ತು. ಲಾಭ ಬಾರದಿದ್ದಲ್ಲಿ ಆ ಹಣವನ್ನು ಸರ್ಕಾರದ ಬೊಕ್ಕಸದಿಂದ, ಅಂದರೆ ತೆರಿಗೆ ಕೊಡುವ ಜನರಿಂದ, ಭರಿಸಬೇಕಾಗಿತ್ತು. ನಿಜಾಮ್ ಸಂಸ್ಥಾನದಲ್ಲಿಯೂ ಇಂತಹ ಖಾತರಿಯ ಪ್ರಶ್ನೆ ಎದ್ದಿತು. 1883ರಲ್ಲಿ ‘ಚಾಂದಾ ರೈಲ್ವೆ ಯೋಜನೆ’ಯ ಷರತ್ತುಗಳನ್ನು ಹೈದರಾಬಾದಿನ ವಿದ್ಯಾವಂತರು ಬಹಿರಂಗವಾಗಿ ಪ್ರಶ್ನಿಸಿದರು. ಅವರಲ್ಲಿ ಪ್ರಮುಖರಾಗಿದ್ದ ಶಿಕ್ಷಣತಜ್ಞ ಅಘೋರನಾಥ ಚಟ್ಟೋಪಾಧ್ಯಾಯರನ್ನು ಸಂಸ್ಥಾನದಿಂದ ಹೊರಹಾಕಲಾಯಿತು. ಇವರು ಸರೋಜಿನಿ ನಾಯ್ಡು ಅವರ ತಂದೆ. ಸಾರ್ವಜನಿಕ ಯೋಜನೆಯ ಲೆಕ್ಕವನ್ನು ಕೇಳುವುದು ಪ್ರಜೆಯ ಹಕ್ಕೆಂಬ ಮಾತಿಗೆ ಈ ಭಾಗದಲ್ಲಿಯೇ ದೀರ್ಘ ಇತಿಹಾಸವಿದೆ.

7. ತರಗತಿವಾರು ಚಟುವಟಿಕೆಗಳು

(1) 3 ರಿಂದ 5ನೇ ತರಗತಿ — ಹೆಸರುಗಳ ಪಟ್ಟಿ: ಮಕ್ಕಳು ತಮ್ಮ ಸುತ್ತಲಿನ ಬಡಾವಣೆ ಮತ್ತು ಗ್ರಾಮಗಳ ಹೆಸರುಗಳನ್ನು ಬರೆದು ಕೊನೆಯ ಶಬ್ದದ ಪ್ರಕಾರ ವಿಂಗಡಿಸಲಿ. ಗಾಜಿಪುರ, ಕಮಲಾಪುರ ಇವು ‘ಪುರ’ದ ಗುಂಪಿಗೆ, ಮಹಬೂಬ್ ಗಂಜ್ ‘ಗಂಜ್’ ಗುಂಪಿಗೆ, ಸ್ಟೇಷನ್ ಬಜಾರ್ ‘ಬಜಾರ್’ ಗುಂಪಿಗೆ ಸೇರುತ್ತವೆ. ಯಾವ ಹೆಸರು ರೈಲಿಲ್ಲದೆ ಹುಟ್ಟಲು ಸಾಧ್ಯವಿರಲಿಲ್ಲ ಎಂಬುದನ್ನು ಗುರುತಿಸಿದರೆ ಮೊದಲ ಪಾಠ ಮುಗಿದಂತೆ. ಕನ್ನಡ ಮಾಧ್ಯಮದ ಮತ್ತು ಉರ್ದು ಮಾಧ್ಯಮದ ಶಾಲೆಗಳ ಮಕ್ಕಳು ಒಟ್ಟಾಗಿ ಇದನ್ನು ಮಾಡಿದಲ್ಲಿ ಹೆಸರುಗಳ ಅರ್ಥ ಸುಲಭವಾಗಿ ತಿಳಿಯುತ್ತದೆ.

(2) 6 ಮತ್ತು 7ನೇ ತರಗತಿ — ಬಂಡಿ ಮತ್ತು ವ್ಯಾಗನ್ ಲೆಕ್ಕ: ಕಲಬುರಗಿಯಿಂದ ಸೊಲ್ಲಾಪುರಕ್ಕೆ ರೈಲಿನಲ್ಲಿ ಸುಮಾರು 113 ಕಿ.ಮೀ. ದೂರ. ರಸ್ತೆಯ ದೂರವೂ ಅಷ್ಟೇ ಎಂದು, ಬಂಡಿಯೊಂದು ದಿನಕ್ಕೆ 25 ಕಿ.ಮೀ. ಸಾಗುತ್ತದೆ ಎಂದು ಭಾವಿಸಿದರೆ ಎಷ್ಟು ದಿನ ಬೇಕು? ಬಂಡಿಯಲ್ಲಿ 8 ಕ್ವಿಂಟಲ್, ಇಂದಿನ ವ್ಯಾಗನ್ನಿನಲ್ಲಿ 60 ಟನ್ ಹೇರಬಹುದೆಂದು ಭಾವಿಸಿದರೆ ಒಂದು ವ್ಯಾಗನ್ನಿಗೆ ಎಷ್ಟು ಬಂಡಿಗಳು ಸಮ? (ಉತ್ತರ: ಐದನೆಯ ದಿನ ತಲುಪುತ್ತದೆ, 75 ಬಂಡಿಗಳು.) 40 ವ್ಯಾಗನ್ನುಗಳ ಒಂದು ಗೂಡ್ಸ್ ರೈಲಿಗೆ 3,000 ಬಂಡಿಗಳು ಹಾಗೂ 6,000 ಎತ್ತುಗಳು ಬೇಕೆಂದು ಮಕ್ಕಳೇ ಕಂಡುಕೊಂಡಾಗ ಬದಲಾವಣೆಯ ಪ್ರಮಾಣವು ಮನದಟ್ಟಾಗುತ್ತದೆ.

(3) 8ನೇ ತರಗತಿ — ಗಡಿಯಾರದ ಪಾಠ: ರೈಲಿಗೆ ಮೊದಲು ಪ್ರತಿ ಊರು ತನ್ನ ಸೂರ್ಯನ ಸಮಯವನ್ನು ಅನುಸರಿಸುತ್ತಿತ್ತು. ಭೂಮಿಯು ಒಂದು ರೇಖಾಂಶ ತಿರುಗಲು 4 ನಿಮಿಷ ಬೇಕು. ಮುಂಬಯಿ ಸುಮಾರು 72.8 ಡಿಗ್ರಿ, ಕಲಬುರಗಿ ಸುಮಾರು 76.8 ಡಿಗ್ರಿ ಪೂರ್ವ ರೇಖಾಂಶದಲ್ಲಿವೆ. ಹೀಗಾಗಿ ಎರಡೂ ಊರುಗಳ ಸೂರ್ಯಸಮಯದಲ್ಲಿ 16 ನಿಮಿಷಗಳ ವ್ಯತ್ಯಾಸವಿದೆ. ವೇಳಾಪಟ್ಟಿಯ ಪ್ರಕಾರ ಓಡುವ ರೈಲಿಗೆ ಇದು ಹೊಂದುವುದಿಲ್ಲ. ಎಲ್ಲ ಕಡೆಗೂ ಒಂದೇ ಗಡಿಯಾರ ಬೇಕಾಗಲು ರೈಲು ಒಂದು ಮುಖ್ಯ ಕಾರಣವಾಯಿತು. ಭಾರತೀಯ ಪ್ರಮಾಣ ಸಮಯವು 1906ರ ಜನವರಿ 1ರಿಂದ ಜಾರಿಗೆ ಬಂದಿತು.

(4) 9 ಮತ್ತು 10ನೇ ತರಗತಿ — ಕುಟುಂಬದ ನಕ್ಷೆ: ಪ್ರತಿ ವಿದ್ಯಾರ್ಥಿಯು ತನ್ನ ಅಜ್ಜ, ಅಜ್ಜಿ, ತಂದೆ, ತಾಯಿ ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕಾಗಿ ಪ್ರಯಾಣಿಸಿದರೆಂಬುದನ್ನು ಕೇಳಿ ನಕ್ಷೆಯಲ್ಲಿ ಗುರುತಿಸಲಿ. ಈ ಭಾಗದ ಅನೇಕ ಕುಟುಂಬಗಳು ಸುಗ್ಗಿ ಮುಗಿದ ನಂತರ ಮುಂಬಯಿ, ಪುಣೆ, ಹೈದರಾಬಾದ್ ಹಾಗೂ ಬೆಂಗಳೂರಿಗೆ ದುಡಿಯಲು ಹೋಗುತ್ತವೆ. ಕಾಳು ಮತ್ತು ಕಲ್ಲಿನಂತೆ ದುಡಿಮೆಯೂ ಇದೇ ಹಳಿಯ ಮೇಲೆ ಹೊರಗೆ ಹೋಗುತ್ತಿದೆ. ಇಂತಹ ಕುಟುಂಬದ ಮಗುವಿನ ನಕ್ಷೆಯು ತರಗತಿಯಲ್ಲಿ ಅತಿ ಮುಖ್ಯವಾದ ದಾಖಲೆ ಎಂಬುದನ್ನು ಶಿಕ್ಷಕರು ತಿಳಿಸಿ ಹೇಳಬೇಕು. ಆದರೆ ವಿವರ ನೀಡಲು ಇಚ್ಛಿಸದ ಮಗುವನ್ನು ಒತ್ತಾಯಿಸಬಾರದು.

(5) ಕಮಲಾಪುರ ತಾಲ್ಲೂಕಿನ ಶಾಲೆಗಳಿಗೆ ವಿಶೇಷ ಚಟುವಟಿಕೆ: ಭೌಗೋಳಿಕ ಗುರುತು ಪಡೆದಿರುವ ಕಮಲಾಪುರದ ಕೆಂಪು ಬಾಳೆಯು ಬೇಗ ಕೆಡುವ ಸರಕು. ತೋಟದಿಂದ ಮಾರುಕಟ್ಟೆಗೆ ಅದು ಇಂದು ಹೇಗೆ ಹೋಗುತ್ತದೆ, ರೈಲು ಬಂದ ನಂತರ ಸಾಗಣೆಯಲ್ಲಿ ಬದಲಾವಣೆಯಾಗಿದೆಯೇ, ಆಗದಿದ್ದಲ್ಲಿ ಏಕೆ ಎಂಬುದನ್ನು ಮಕ್ಕಳು ಬೆಳೆಗಾರರಿಂದ ಕೇಳಿ ಬರೆಯಲಿ. ನಿಲ್ದಾಣವಿದ್ದ ಮಾತ್ರಕ್ಕೆ ವ್ಯಾಪಾರ ಬೆಳೆಯುವುದಿಲ್ಲ. ಅನುಕೂಲಕರ ವೇಳೆ, ಸರಕು ಇಳಿಸಿ ಏರಿಸುವ ವ್ಯವಸ್ಥೆ, ಶೇಖರಣೆ, ನಿಲ್ದಾಣಕ್ಕೆ ರಸ್ತೆ ಇವೂ ಬೇಕು. 1871ರಲ್ಲಿ ಕಲಬುರಗಿಯಲ್ಲಿ ಆರಂಭವಾದ ಬದಲಾವಣೆಯನ್ನು ಪುಸ್ತಕದಲ್ಲಿ ಮಾತ್ರ ಓದಬಹುದು. ಕಮಲಾಪುರದಲ್ಲಿ ಅದು ಮಕ್ಕಳ ಕಣ್ಣೆದುರಿಗೇ ನಡೆಯುತ್ತಿದೆ.

8. ರೈಲು ನಿಲ್ದಾಣಕ್ಕೆ ಶೈಕ್ಷಣಿಕ ಭೇಟಿ: ಗಮನಿಸಬೇಕಾದ ಅಂಶಗಳು

- ಶಾಲೆಯ ವತಿಯಿಂದ ಭೇಟಿ ಏರ್ಪಡಿಸುವಾಗ ಪಾಲಕರ ಲಿಖಿತ ಒಪ್ಪಿಗೆಯನ್ನು ಪಡೆದು, ಚಾಲ್ತಿಯಲ್ಲಿರುವ ಸುತ್ತೋಲೆಗಳ ಅನ್ವಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮುಂಚಿತವಾಗಿ ಮನವಿ ಸಲ್ಲಿಸತಕ್ಕದ್ದು.
- ನಿಲ್ದಾಣದ ವ್ಯವಸ್ಥಾಪಕರಿಗೆ ದಿನಾಂಕ, ಮಕ್ಕಳ ಸಂಖ್ಯೆ ಹಾಗೂ ಭೇಟಿಯ ಉದ್ದೇಶವನ್ನು ತಿಳಿಸಿ ಪತ್ರ ನೀಡತಕ್ಕದ್ದು. ಛಾಯಾಚಿತ್ರ ತೆಗೆಯುವುದಾದಲ್ಲಿ ಅದನ್ನೂ ಪತ್ರದಲ್ಲಿಯೇ ನಮೂದಿಸತಕ್ಕದ್ದು.
- ಪ್ಲಾಟ್‌ಫಾರ್ಮ್ ಪ್ರವೇಶಕ್ಕೆ ಟಿಕೆಟ್ ಅವಶ್ಯಕ. ರೈಲಿನಲ್ಲಿ 5 ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಆಸನ ಕೇಳದಿದ್ದಲ್ಲಿ ಟಿಕೆಟ್ ಬೇಕಾಗಿಲ್ಲ. 5 ವರ್ಷ ತುಂಬಿದ, 12 ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಆಸನ ಕೇಳದಿದ್ದಲ್ಲಿ ಅರ್ಧ ದರ ಅನ್ವಯಿಸುತ್ತದೆ.
- ಹಳಿಗಳ ಮೇಲೆ ಇಳಿಯುವುದು ಅಥವಾ ಹಳಿ ದಾಟುವುದು 1989ರ ರೈಲ್ವೆ ಕಾಯ್ದೆಯ ಕಲಂ 147ರ ಅಡಿಯಲ್ಲಿ ಶಿಕ್ಷಾರ್ಹ ಅಪರಾಧ. ಮೇಲ್ಸೇತುವೆಯನ್ನೇ ಬಳಸತಕ್ಕದ್ದು. ವಿದ್ಯುದೀಕರಣಗೊಂಡ ಮಾರ್ಗದ ತಂತಿಗಳ ಅಪಾಯವನ್ನು ಮಕ್ಕಳಿಗೆ ಮೊದಲೇ ತಿಳಿಸತಕ್ಕದ್ದು.
- ಕಲ್ಲುಗಣಿ, ಸುರಂಗ ಮತ್ತು ಸೇತುವೆಗಳ ಸಮೀಪಕ್ಕೆ ಮಕ್ಕಳನ್ನು ಕರೆದೊಯ್ಯಬಾರದು. ಕಮಲಾಪುರ ಮಾರ್ಗದ ರೈಲಿನಲ್ಲಿ ಕುಳಿತು ಮರಗುತ್ತಿ ಭಾಗದ ಏರನ್ನು ಕಿಟಕಿಯಿಂದ ನೋಡುವುದು ಸಾಕಾಗುತ್ತದೆ.
- ತುರ್ತು ನೆರವಿಗೆ ರೈಲ್ವೆ ಸಹಾಯವಾಣಿ 139, ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳನ್ನು ಬಳಸಬಹುದು.

9. ಹಳೆಯ ದಾಖಲೆ ಮತ್ತು ನಕ್ಷೆಗಳನ್ನು ಪಡೆಯುವ ಬಗ್ಗೆ

ಗ್ರಾಮ ನಕ್ಷೆಗಳು ಕಂದಾಯ ಇಲಾಖೆಯ ಭೂದಾಖಲೆಗಳ ಅಂತರಜಾಲ ತಾಣದಲ್ಲಿ ಲಭ್ಯವಿವೆ. ಗ್ರಾಮದ ಮೂಲಕ ರೈಲುಮಾರ್ಗ ಹಾದುಹೋಗಿದ್ದಲ್ಲಿ ಅದು ಹೊಲಗಳನ್ನು ಹೇಗೆ ಸೀಳಿದೆ ಎಂಬುದನ್ನು ಮಕ್ಕಳಿಗೆ ತೋರಿಸಬಹುದು. ಜಿಲ್ಲಾ ಗ್ಯಾಸೆಟಿಯರ್ ಸಂಪುಟಗಳನ್ನು ಸಾರ್ವಜನಿಕ ಗ್ರಂಥಾಲಯಗಳಲ್ಲಿ ವಿಚಾರಿಸಬಹುದು. ಆಡಳಿತದ ಹಳೆಯ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ಅರ್ಜಿ ಸಲ್ಲಿಸಬಹುದು. 1948ಕ್ಕೆ ಮೊದಲು ಈ ಜಿಲ್ಲೆಯು ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಹಿಂದಿನ ಕಡತಗಳು ಉರ್ದು ಅಥವಾ ಇಂಗ್ಲಿಷ್ ಭಾಷೆಯಲ್ಲಿರುವ ಸಂಭವವಿದೆ. ಊರಿನ ಹೆಸರನ್ನು ‘ಕಲಬುರಗಿ’ ಎಂದಲ್ಲದೆ ‘ಗುಲ್ಬರ್ಗಾ’ ಎಂದೂ ಹುಡುಕತಕ್ಕದ್ದು. ಹೆಸರಿನ ಬದಲಾವಣೆಯು 2014ರ ನವೆಂಬರ್ 1ರಿಂದ ಜಾರಿಗೆ ಬಂದಿದೆ.

ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸುವವರು ಒಂದು ಅಂಶವನ್ನು ಗಮನಿಸಬೇಕು. ರೈಲ್ವೆಯು ಕೇಂದ್ರ ಸರ್ಕಾರಕ್ಕೆ ಸೇರಿದ್ದು, ಕಲಬುರಗಿ ನಿಲ್ದಾಣವು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದ ಮಾರ್ಗದಲ್ಲಿ ಬೆಳೆದುಬಂದಿದೆ. ರೈಲು, ನಿಲ್ದಾಣ ಅಥವಾ ಸರಕು ಸಾಗಣೆಯ ಮಾಹಿತಿಯನ್ನು ಸಂಬಂಧಪಟ್ಟ ರೈಲ್ವೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಂದ ಕೋರತಕ್ಕದ್ದು. ರಸ್ತೆ, ಭೂದಾಖಲೆ, ಎ.ಪಿ.ಎಂ.ಸಿ. ಮಾರುಕಟ್ಟೆಗಳ ಮಾಹಿತಿಯನ್ನು ರಾಜ್ಯದ ಆಯಾ ಇಲಾಖೆಯಿಂದ ಕೋರತಕ್ಕದ್ದು. ಅರ್ಜಿ ಶುಲ್ಕ ರೂ. 10, ಬಡತನ ರೇಖೆಗಿಂತ ಕೆಳಗಿರುವವರಿಗೆ ವಿನಾಯಿತಿ ಇದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಾಲಕರು ಹೆಚ್ಚು ಓದಿದವರಲ್ಲದಿದ್ದಲ್ಲಿ ಮಕ್ಕಳಿಗೆ ಇದನ್ನು ಹೇಳಿಕೊಡಬಹುದೇ?
ಉತ್ತರ: ಹೇಳಿಕೊಡಬಹುದು. ಗಂಜಿನಲ್ಲಿ ಹಮಾಲಿ ಮಾಡಿದವರು, ಮಿಲ್ಲಿನಲ್ಲಿ ದುಡಿದವರು, ಪರಸಿ ಕಲ್ಲು ಒಡೆದವರು, ದುಡಿಯಲು ಊರು ಬಿಟ್ಟು ಹೋಗಿ ಬಂದವರು ತಮ್ಮ ಅನುಭವವನ್ನು ಹೇಳಿದರೆ ಅದೇ ಇತಿಹಾಸದ ಆಧಾರವಾಗುತ್ತದೆ. ಮಗು ಅದನ್ನು ಕೇಳಿದ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಲಿ.

ಪ್ರಶ್ನೆ: ನಮ್ಮ ಊರಿಗೆ ರೈಲು ಇಲ್ಲ. ಈ ಪಾಠ ಅನ್ವಯಿಸುತ್ತದೆಯೇ?
ಉತ್ತರ: ಅನ್ವಯಿಸುತ್ತದೆ. ರೈಲು ಬಾರದಿರುವುದೂ ಊರಿನ ಬೆಳವಣಿಗೆಯನ್ನು ರೂಪಿಸುತ್ತದೆ. ಸಮೀಪದ ನಿಲ್ದಾಣಕ್ಕೆ ಹೋಗುವ ರಸ್ತೆ, ಅದರ ಬದಿಯ ಅಂಗಡಿಗಳು ಹಾಗೂ ಬಸ್ಸಿನ ವೇಳೆಯಿಂದ ಅಧ್ಯಯನ ಆರಂಭಿಸಬಹುದು.

ಪ್ರಶ್ನೆ: ರೈಲು ಬಂದದ್ದರಿಂದ ಊರು ಬೆಳೆಯಿತೇ, ಊರು ಇದ್ದುದರಿಂದ ರೈಲು ಬಂದಿತೇ?
ಉತ್ತರ: ಕಲಬುರಗಿಯಲ್ಲಿ ಊರು ಮೊದಲೇ ಇತ್ತು, ರೈಲು ಅದನ್ನು ಹೊಸ ದಿಕ್ಕಿಗೆ ತಿರುಗಿಸಿತು. ವಾಡಿಯಲ್ಲಿ ಹಳಿಗಳು ಕೂಡಿದ್ದರಿಂದ ಪಟ್ಟಣ ಬೆಳೆಯಿತು. ಮಳಖೇಡದ ಸಮೀಪ ರೈಲು ಹಾದುಹೋದರೂ ಹಳೆಯ ವೈಭವ ಮರಳಲಿಲ್ಲ. ಒಂದೇ ಜಿಲ್ಲೆಯಲ್ಲಿ ಮೂರು ಉತ್ತರಗಳಿವೆ. ಆದ್ದರಿಂದ ಮಕ್ಕಳಿಗೆ ಸಿದ್ಧ ಉತ್ತರವನ್ನು ಬರೆಯಿಸದೆ, ತಮ್ಮ ಊರಿನ ಉತ್ತರವನ್ನು ಆಧಾರಸಹಿತ ಬರೆಯಲು ಹೇಳತಕ್ಕದ್ದು.

ಪ್ರಶ್ನೆ: ಮಕ್ಕಳು ಸಂಗ್ರಹಿಸಿದ ಮಾಹಿತಿಯನ್ನು ಏನು ಮಾಡಬೇಕು?
ಉತ್ತರ: ಶಾಲೆಯಲ್ಲಿ ಒಂದು ‘ಊರಿನ ವಹಿ’ಯನ್ನು ಇಟ್ಟು ಪ್ರತಿ ವರ್ಷದ ಬರಹಗಳನ್ನು ಸೇರಿಸುತ್ತಾ ಹೋಗಬಹುದು. ಹೊಸ ರೈಲು, ಹೊಸ ರಸ್ತೆ ಅಥವಾ ಮಾರುಕಟ್ಟೆಯ ಬೇಡಿಕೆಯನ್ನು ಗ್ರಾಮಸಭೆಯ ಮುಂದಿಡುವಾಗ ಇಂತಹ ವಹಿಯು ಗ್ರಾಮಸ್ಥರಿಗೆ ಆಧಾರವಾಗಿ ಒದಗುತ್ತದೆ.

ವಿ.ಸೂ.: ಪ್ರಯಾಣ ದರ, ರೈಲುಗಳ ವೇಳೆ ಹಾಗೂ ಪ್ರವಾಸದ ಅನುಮತಿ ಕುರಿತ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುತ್ತವೆ. ಭೇಟಿಗೆ ಮೊದಲು ಸಂಬಂಧಿಸಿದ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.